ಮಾಡ್ತೀನಿ ಸಾಮಿ

ಜನವರಿ 9, ಗುರುವಾರ

ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಕೋಸಿಗೆ ಔಷಧಿ ಹೊಡೆದ ದಿನ ಬರೆದಿಡಲಿ ಅಂತ ಕೊಟ್ಟದ್ದು. ವಕೀಲ ಪ್ರಭುಸ್ವಾಮಿ ಬೇರೆ ಕೆಲಸ ಹೇಳಿದ್ದಾನೆ, ನಡೆದದ್ದನ್ನೆಲ್ಲ ತಾರೀಕು ಹಾಕಿ ಬರೆದಿಡು, ಕೇಸಿಗೆ ಬೇಕಾಗಬಹುದು ಅಂತ. ಬರೆಯುವುದು ನನಗೆ ಹೊಸದಲ್ಲ. ತಮಿಳುನಾಡಿನ ಗಡಿಯೊಳಗಿರುವ ನಮ್ಮ ತಾಳವಾಡಿಯ ಹೈಸ್ಕೂಲಿನಲ್ಲಿ, ಕನ್ನಡ ಮೀಡಿಯಂನಲ್ಲಿ, ಪ್ರಬಂಧಕ್ಕೆ ಬಹುಮಾನ ತೆಗೆದುಕೊಂಡವನು ಈ ಶಿವಶಂಕರಪ್ಪ. ಆಮೇಲೆ ಮೂವತ್ತು ವರ್ಷ ದೊಡ್ಡಗಾಜನೂರಿನಲ್ಲಿ ಕೋಸು ಬೆಳೆದೆ, ಅದು ಬೇರೆ ಮಾತು.

ನಿನ್ನೆ ಬೆಳಿಗ್ಗೆ ಕುಟ್ಟಿಯಾನೆಗೆ ಕೋಸು ತುಂಬಿಕೊಂಡು ಸತ್ಯಮಂಗಲಕ್ಕೆ ಇಳಿದೆ. ಕೇಸಿನ ಕಾಗದದಲ್ಲಿ ಅದನ್ನು ನಾಲ್ಕು ಚಕ್ರದ ಸಣ್ಣ ಸರಕು ವಾಹನ ಎಂದು ಬರೆದಿದ್ದಾರೆ. ಅಷ್ಟುದ್ದದ ಹೆಸರು ಆ ಗಾಡಿ ತಡೆಯುವುದಿಲ್ಲ. ತಮಿಳರ ಹಾಗೆ ನಾವೂ ಕುಟ್ಟಿಯಾನೆ, ಅಂದರೆ ಮರಿಯಾನೆ, ಎನ್ನುತ್ತೇವೆ. ಮಾಲು ಇಳಿಸಿದ ಮೇಲೆ, ಬೆಟ್ಟ ಹತ್ತುವ ಮೊದಲು ಎರಡು ಹಾಕಿಕೊಂಡೆ. ದಿಂಬಂ ಘಾಟಿಗೆ ಇಪ್ಪತ್ತೇಳು ತಿರುವು. ಚಳಿ ಬೇರೆ. ಎರಡು ಅಂದರೆ ಎರಡೇ. ಮೂರನೆಯದು ಪೂರ್ತಿ ಇರಲಿಲ್ಲ.

ಘಾಟಿ ಹತ್ತಿ ತಾಳಮಲೆ ರಸ್ತೆಗೆ ತಿರುಗಿ ಸ್ವಲ್ಪ ದೂರ ಬಂದಿದ್ದೇನೆ, ಎದುರಿಗೆ ಕಬ್ಬಿನ ಲಾರಿ ನಿಂತಿದೆ. ಲಾರಿಯ ಪಕ್ಕದಲ್ಲಿ ಆನೆ, ಆನೆಯ ಕಾಲಡಿ ಮರಿ. ತಾಯಿ ಕಬ್ಬು ಎಳೆದು ಹಾಕುತ್ತಿತ್ತು, ಮರಿ ತಿನ್ನುತ್ತಿತ್ತು. ಎರಡೂ ಕಡೆ ಗಾಡಿಗಳು ಸಾಲು ಹಿಡಿದು ನಿಂತವು. ನಾನೂ ಎಂಜಿನ್ ಆರಿಸಿ ಕಾಲು ಚಾಚಿದೆ. ನನ್ನ ಹಿಂದೆ ನಾಲ್ಕನೆಯದು ಪೊಲೀಸ್ ಜೀಪು ಎಂದು ನನಗೇನು ಕನಸು ಬಿದ್ದಿತ್ತೇ.

ಮುಕ್ಕಾಲು ಗಂಟೆ ಆನೆ ಕದಲಲಿಲ್ಲ. ಎಸ್.ಐ. ಸಾಹೇಬರಿಗೆ ಬೇಜಾರಾಯಿತು. ಜೀಪಿನಲ್ಲಿ ಊದುವ ಮೆಷಿನ್ ಇತ್ತು. ಹೊತ್ತು ಹೋಗದ ಮನುಷ್ಯ ಸಾಲಿನಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಊದಿಸುತ್ತಾ ಬಂದರು. ಹಾಲಿನವನು ಊದಿದ. ಮದುವೆ ವ್ಯಾನಿನಲ್ಲಿದ್ದ ಒಬ್ಬ ಅಜ್ಜಿ ತಾನೇ ಕೇಳಿ ಊದಿದಳು. ನನ್ನ ಸರದಿಗೆ ನೂರ ನಾಲ್ಕು ಬಂತು. ಮೂವತ್ತು ದಾಟಬಾರದಂತೆ. ಜ್ವರ ಅಷ್ಟಿದ್ದಿದ್ದರೆ ಮಾತ್ರೆ ಕೊಟ್ಟು ಮಲಗಿಸುತ್ತಿದ್ದರು.

ನಿಂತ ಗಾಡಿಯಲ್ಲಿ ಕೂತವನನ್ನು ಓಡಿಸುತ್ತಿದ್ದ ಎನ್ನುವುದು ಹೇಗೆ ಎಂದು ಕೇಳಿದೆ. ಹಾಗಾದರೆ ಗಾಡಿ ತಾನಾಗಿಯೇ ನಡೆದು ಬಂತಾ ಎಂದರು. ಹೆಸರು ಮರಿಯಾನೆ ತಾನೇ ಸಾರ್, ಬಂದರೂ ಬಂದೀತು ಎಂದೆ. ಅದನ್ನು ಹೇಳಬಾರದಿತ್ತು.

ಆನೆ ದಾರಿ ಬಿಟ್ಟ ಮೇಲೆ ನನ್ನನ್ನು ಠಾಣೆಗೆ ಕರೆದುಕೊಂಡು ಹೋದರು. ನನ್ನ ಹೆಂಡತಿ ಲೋಕೇಶ್ವರಿ ಬಸ್ಸಿನಲ್ಲಿ ಬಂದು ಜಾಮೀನಿಗೆ ರುಜು ಹಾಕಿದಳು. ಹೋದ ಆಷಾಢದಲ್ಲಿ ಮೊದಲ ಸಲ ಸಿಕ್ಕಿಬಿದ್ದಾಗಲೂ ಅವಳೇ ಹಾಕಿದ್ದು. ಹೊರಗೆ ಬಂದು ಸೆರಗು ಸರಿಮಾಡಿಕೊಂಡು ಹೇಳಿದಳು, "ಎಲ್ಡ್ ಸಲ ಆಯ್ತು. ಇನ್ನೊಂದ್ಸಲ ಈ ಮೆಟ್ಲು ಅತ್ಸುದ್ರ ರುಜುನೂ ಇಲ್ಲ, ನಾನೂ ಇಲ್ಲ."

ಕೋಪದಲ್ಲಿ ಹೇಳುವ ಮಾತು. ಆನೆ ಅಡ್ಡ ಬಂದದ್ದು ನನ್ನ ತಪ್ಪೇ?

ಜನವರಿ 12, ಭಾನುವಾರ

ಪ್ರಭುಸ್ವಾಮಿ ಮನೆಗೆ ಬಂದಿದ್ದ. ನನ್ನ ಜೊತೆ ಓದಿದವನು, ಈಗ ಬೆಟ್ಟದ ಕೆಳಗಿನ ಕೋರ್ಟಿನಲ್ಲಿ ವಕೀಲ. ಎರಡನೆಯ ಸಲವಾದ್ದರಿಂದ ಜೈಲೂ ಆಗಬಹುದಂತೆ. ಜಡ್ಜು ಹೊಸಬರು, ತಮಿಳುನಾಡಿನ ತೆಂಕಣ ಜಿಲ್ಲೆಯವರು, ಅವರಿಗೆ ಉದ್ದ ಮಾತು ಆಗುವುದಿಲ್ಲ.

"ನೀ ಬಾಯಿ ಬುಟ್ರ ಕೆಡ್ತದ ಕಣ್ಲಾ," ಎಂದ. "ಆನೆ ಗೀನೆ ಅಂತ ಸುರು ಮಾಡ್ಬ್ಯಾಡ. ಅವ್ರು ಏನಾರ ಕೇಳ್ಲಿ, ಕೈ ಮುಗ್ದು ಮಾಡ್ತೀನಿ ಸಾಮಿ ಅನ್ನು. ಅಷ್ಟೇಯ. ಮಿಕ್ಕುದ್ದ ತಮಿಳ್ನಲ್ಲಿ ನಾ ಯೋಳ್ಕತೀನಿ."

ಮೂವತ್ತು ವರ್ಷ ತಮಿಳಿನಲ್ಲಿ ಕೋಸು ಮಾರಿದವನಿಗೆ ಒಂದು ಮಾತು ಬಾಯಿಪಾಠ ಮಾಡಿಸಲು ಬಂದಿದ್ದಾನೆ. ಆದರೂ ಹಸು ಕಟ್ಟುವಾಗ ನಾಲ್ಕು ಸಲ ಹೇಳಿ ನೋಡಿದೆ. ಚೆನ್ನಾಗಿಯೇ ಬರುತ್ತದೆ.

ಜನವರಿ 15, ಬುಧವಾರ

ನಿನ್ನೆ ಹಬ್ಬ. ಲೋಕೇಶ್ವರಿ ಎಳ್ಳು ಬೆಲ್ಲ ಕೊಟ್ಟಳು, ಮಾತಾಡಲಿಲ್ಲ. ಸಂಜೆ ಎರಡು. ಹಬ್ಬಕ್ಕೂ ಬೇಡ ಎಂದರೆ ಹೇಗೆ.

ಜನವರಿ 22, ಬುಧವಾರ

ಇವತ್ತಿನದನ್ನು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ನನ್ನದು ತಪ್ಪಿಲ್ಲ ಎಂದು ಎಲ್ಲಾದರೂ ಇರಲಿ.

ಬೆಳಿಗ್ಗೆ ಹನ್ನೊಂದಕ್ಕೆ ಕರೆದರು. ಅದೇ ಹೊತ್ತಿಗೆ ಪ್ರಭುಸ್ವಾಮಿಯನ್ನು ಪಕ್ಕದ ಕೋರ್ಟ್ ಹಾಲ್‌ನಲ್ಲಿ ಇನ್ನೊಂದು ಕೇಸಿಗೆ ಕೂಗಿದರು. ಹೋಗುತ್ತಾ ನನ್ನ ಕಡೆ ತಿರುಗಿ ತುಟಿಯಲ್ಲೇ ಹೇಳಿಹೋದ, ಮಾಡ್ತೀನಿ ಸಾಮಿ. ಸರಿ ಎಂದು ತಲೆಯಾಡಿಸಿ ಕಟಕಟೆ ಹತ್ತಿದೆ. ಹತ್ತಿದ ಕೂಡಲೇ ಗಂಟಲು ಒಣಗಿತು. ನನಗೆ ಗೊತ್ತಿದ್ದ ತಮಿಳೆಲ್ಲ ಎತ್ತ ಹೋಯಿತೋ, ಒಂದು ಪದವೂ ಉಳಿಯಲಿಲ್ಲ.

ಜಡ್ಜು ತಮಿಳಿನಲ್ಲಿ ನಿಧಾನವಾಗಿಯೇ ಹೇಳಿದರು. ಆರು ತಿಂಗಳು ಲೈಸೆನ್ಸು ಇಲ್ಲ. ಜೊತೆಗೆ ಒಂದು ತಿಂಗಳು ಜೈಲು, ಅದು ಬೇಡವಾದರೆ ಹದಿನೈದು ದಿನ ಕರ್ನಾಟಕದ ಗಡಿಯ ಚೆಕ್‌ಪೋಸ್ಟಿನಲ್ಲಿ ಬೆಳಿಗ್ಗೆ ಹತ್ತರಿಂದ ಐದರವರೆಗೆ, ಕುಡಿದು ಓಡಿಸಬೇಡಿ ಎಂಬ ಬೋರ್ಡು ಹಿಡಿದು ನಿಲ್ಲಬೇಕು. ನಿಲ್ಲುತ್ತೀರಾ ಎಂದು ಕೇಳಿದರು.

ಕೈ ಮುಗಿದು ಮಾಡ್ತೀನಿ ಸಾಮಿ ಎಂದೆ. ಒಣಗಿದ ಬಾಯಲ್ಲಿ ಅದು ಮಾಟ್ತೀನ್ ಸಾಮಿ ಎಂದು ಬಂದಿರಬೇಕು. ತಮಿಳಿನಲ್ಲಿ ಮಾಟ್ಟೇನ್ ಎಂದರೆ ಮಾಡುವುದಿಲ್ಲ, ಆಗುವುದಿಲ್ಲ, ಒಲ್ಲೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆ ಹೊತ್ತಿಗೆ ಗೊತ್ತಿರಲಿಲ್ಲ, ಅಷ್ಟೆ.

ಜಡ್ಜು ಕನ್ನಡಕ ತೆಗೆದು ಕೇಳಿದರು, "ಏನ್?"

ತಮಿಳಿನಲ್ಲಿ ಏನ್ ಎಂದರೆ ಯಾಕೆ. ನನಗೆ ಕೇಳಿಸಿದ್ದು ಕನ್ನಡದ ಏನು. ಕಿವಿ ಮಂದ ಇರಬೇಕು, ಗಟ್ಟಿಯಾಗಿ ಹೇಳೋಣ ಎಂದು, "ಏನ್ ಯೋಳುದ್ರೂ ಮಾಡ್ತೀನ್ ಸಾಮಿ," ಎಂದು ಕೂಗಿದೆ. ಏನು ಹೇಳಿದರೂ ಮಾಡುವವನಲ್ಲ ಎಂದು ಅವರಿಗೆ ಕೇಳಿಸಿತು. ಹಾಗಾದರೆ ಜೈಲೇ ಆಗಬಹುದೋ ಎಂದರು. ಅದಕ್ಕೂ ಕೈ ಮುಗಿದು ಅದನ್ನೇ ಹೇಳಿದೆ. ಜೈಲಿಗೂ ಒಲ್ಲೆ ಎನ್ನುವ ಆರೋಪಿಯನ್ನು ಅವರು ಮೊದಲ ಸಲ ನೋಡಿದ್ದಂತೆ. ಪೆನ್ನು ಎತ್ತಿಕೊಂಡರು.

ಆಗ ಹಿಂದಿನ ಬೆಂಚಿನಿಂದ ಲೋಕೇಶ್ವರಿ ಎದ್ದಳು. ಅವಳ ತಮಿಳು ನನ್ನದಕ್ಕಿಂತ ಚೊಕ್ಕ. "ಅಯ್ಯಾ, ನಮ್ಮ ಭಾಷೆಯಲ್ಲಿ ಆ ಮಾತಿಗೆ ಮಾಡುತ್ತೇನೆ ಎಂದು ಅರ್ಥ. ಇವರು ಒಪ್ಪಿಕೊಂಡೇ ಹೇಳುತ್ತಿರುವುದು," ಎಂದಳು. ಅಷ್ಟಕ್ಕೆ ಕೂತಿದ್ದರೆ ಆಗುತ್ತಿತ್ತು. ಕೂರಲಿಲ್ಲ. "ಆದರೆ ಇವರ ಬಾಯಲ್ಲಿ ನಿಮಗೆ ಕೇಳಿಸಿದ್ದೇ ಸರಿ ಅಯ್ಯಾ. ಇಪ್ಪತ್ತೆರಡು ವರ್ಷದಿಂದ ನನಗೂ ಕುಡಿತ ಬಿಡುತ್ತೇನೆ, ಹಾಗೇ ಮಾಡುತ್ತೇನೆ ಎಂದೇ ಹೇಳುತ್ತಾ ಬಂದಿದ್ದಾರೆ. ನಾನು ಅದನ್ನು ಕನ್ನಡ ಎಂದುಕೊಂಡಿದ್ದೆ."

ಇಡೀ ಕೋರ್ಟು ನಕ್ಕಿತು. ಜಡ್ಜು ನಗಲಿಲ್ಲ, ಹದಿನೈದು ದಿನ ಬೋರ್ಡು ಎಂದು ಬರೆದರು. ನನಗೆ ಮೈಯೆಲ್ಲ ಉರಿಯಿತು. ತುಂಬಿದ ಸಭೆಯಲ್ಲಿ ಹೆಂಡತಿ ಗಂಡನಿಗೆ ವ್ಯಾಕರಣ ಹೇಳಿದ್ದು ನಮ್ಮ ಕಡೆ ಇದೇ ಮೊದಲಿರಬೇಕು. ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದೆವು. ಮನೆಗೆ ಬಂದು ಮೂರು.

ಜನವರಿ 27, ಸೋಮವಾರ

ಚೆಕ್‌ಪೋಸ್ಟಿನಲ್ಲಿ ಮೊದಲ ದಿನ. ಚಾಮರಾಜನಗರದ ಕಡೆಯಿಂದ ಬರುವ ಗಾಡಿಗಳನ್ನು ಇಲ್ಲಿ ತಡೆದು ನೋಡುತ್ತಾರೆ. ನನ್ನ ಮೇಲಿರುವವನು ಒಬ್ಬ ಹೆಡ್ ಕಾನ್‌ಸ್ಟೇಬಲ್. ತಮಿಳಿನಲ್ಲಿ ಅವರನ್ನು ಏಟಯ್ಯ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಕಾಗಿಲ್ಲ, ಏಟು ಕೊಡುವವನಲ್ಲ. ಸಮುದ್ರದ ಕಡೆಯವನು, ಎಂಟು ತಿಂಗಳ ಹಿಂದೆ ವರ್ಗವಾಗಿ ಬಂದು ಚಳಿಗೆ ಕಿವಿಗೆ ಟವೆಲ್ ಸುತ್ತಿಕೊಂಡೇ ಇರುತ್ತಾನೆ. ಕನ್ನಡ ಕಲಿಯುತ್ತಿದ್ದಾನೆ, ಪೂರ್ತಿ ಬರುತ್ತದೆ ಎಂದು ನಂಬಿದ್ದಾನೆ. ಇನ್ನೊಬ್ಬ ಚಿಕ್ಕಮಾದ, ಫಾರೆಸ್ಟಿನ ವಾಚರ್, ತಾಳಮಲೆಯ ಸೋಲಿಗ.

ಬೋರ್ಡು ತಮಿಳಿನಲ್ಲಿತ್ತು. ಕುಡಿತ್ತುವಿಟ್ಟು ವಂಡಿ ಓಟ್ಟ ಮಾಟ್ಟೇನ್, ಅಂದರೆ ಕುಡಿದು ಗಾಡಿ ಓಡಿಸುವುದಿಲ್ಲ. ಎದುರಿಗೆ ಬರುವವರೆಲ್ಲ ಕನ್ನಡದವರು, ಒಬ್ಬನಿಗೂ ಓದಲು ಬರಲಿಲ್ಲ. ಒಬ್ಬ ಟೊಮೇಟೊ ಲಾರಿಯವನು ಇಳಿದು ನನ್ನನ್ನೇ ದಾರಿ ಕೇಳಿದ.

ಏಟಯ್ಯನಿಗೆ ಬೇಸರವಾಯಿತು. ಕನ್ನಡದಲ್ಲೂ ಬರೆಸಬೇಕು ಎಂದ. ನಾನೇ ಬರೆದುಕೊಡುತ್ತೇನೆ, ಪ್ರಬಂಧಕ್ಕೆ ಬಹುಮಾನ ಬಂದವನು ಎಂದೆ. ಆರೋಪಿ ತನ್ನ ಬೋರ್ಡು ತಾನೇ ಬರೆಯುವಂತಿಲ್ಲವಂತೆ. ತಾನೇ ಪೇಂಟರಿಗೆ ಹೇಳಿ ಬರೆಸುತ್ತಾನಂತೆ. ಬರೆಸಲಿ.

ಸಂಜೆ ಒಂದು. ಕಾಲು ನೋವಿಗೆ.

ಜನವರಿ 29, ಬುಧವಾರ

ಕನ್ನಡದ ಬೋರ್ಡು ಬಂತು. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರ, ದೂರಕ್ಕೆ ಕಾಣುತ್ತದೆ. ಏಟಯ್ಯ ತಮಿಳಿನ ಒಂದೊಂದು ಪದಕ್ಕೆ ಒಂದೊಂದು ಕನ್ನಡದ ಪದ ಇಟ್ಟಿದ್ದಾನೆ. ವಂಡಿಗೆ ಬಂಡಿ, ಓಟ್ಟಕ್ಕೆ ಓಟ, ಕೊನೆಗೆ ಬಂದಾಗ ಮಾಟ್ಟೇನ್‌ಗೆ ಮಾಡ್ತೇನೆ.

ಕುಡಿದು ಬಿಟ್ಟು ಬಂಡಿ ಓಟ ಮಾಡ್ತೇನೆ.

ಓದಿದೆ. ಇನ್ನೊಂದು ಸಲ ಓದಿದೆ. ಕುಡಿದೇ ಓಡಿಸುತ್ತೇನೆ, ಏನು ಮಾಡಿಕೊಳ್ಳುತ್ತೀರೋ ಮಾಡಿಕೊಳ್ಳಿ ಎಂದು ಸರ್ಕಾರದ ಬಣ್ಣದಲ್ಲಿ ಬರೆದಿದೆ. ಕೆಳಗೆ ಪೊಲೀಸ್ ಇಲಾಖೆಯ ಮುದ್ರೆ. ಎಂಗೆ ಅದ, ಎಂದು ಏಟಯ್ಯ ಹೆಮ್ಮೆಯಿಂದ ಕೇಳಿದ. ಬಾಳಾ ಚೆನ್ನಾಗದ ಅಯ್ಯ, ಎಂದೆ. ನನಗೇನು ಬಂದದ್ದು. ಕೋರ್ಟಿನಲ್ಲಿ ನನ್ನ ಮಾಡ್ತೀನಿಯನ್ನು ಮಾಟ್ಟೇನ್ ಮಾಡಿದರು, ಈಗ ಅವರ ಮಾಟ್ಟೇನ್ ಮಾಡ್ತೇನೆ ಆಗಿದೆ. ಲೆಕ್ಕ ಚುಕ್ತಾ.

ಚಿಕ್ಕಮಾದ ಬೋರ್ಡು ಓದಿ ಗೇಟಿನ ಕಂಬ ಹಿಡಿದುಕೊಂಡು ಕೂತುಬಿಟ್ಟ. "ಅಣ್ಣೋ, ಇದ ಇಡ್ಕಂಡು ನಿಂತ್ಕಂಡಿಯಾ," ಎಂದು ಕಣ್ಣು ಒರೆಸಿಕೊಂಡ. ಮಧ್ಯಾಹ್ನದ ಹೊತ್ತಿಗೆ ಬಂದ ಲಾರಿಯವರೆಲ್ಲ ಹಾರ್ನ್ ಹೊಡೆದು ಕೈ ಬೀಸಿದರು. ಒಬ್ಬ ತನ್ನ ಗಾಡಿಯ ಚೆಂಡು ಹೂವಿನ ಹಾರ ತೆಗೆದು ನನ್ನ ಕೊರಳಿಗೆ ಹಾಕಿದ. ಇನ್ನೊಬ್ಬ ಒಂದು ಕ್ವಾರ್ಟರ್ ಕೈಗಿಟ್ಟು ಹೋದ. ಏಟಯ್ಯ ಅದನ್ನು ಕಿತ್ತುಕೊಂಡು, ಯಾರೋ ಬಿಟ್ಟುಹೋದ ವಸ್ತು ಎಂದು ರಿಜಿಸ್ಟರಿನಲ್ಲಿ ಬರೆದ.

ಬಹಳ ದಿನದ ಮೇಲೆ ನಕ್ಕೆ. ಸಂಜೆ ಎರಡು, ಚಿಕ್ಕಮಾದನ ಲೆಕ್ಕದಲ್ಲಿ.

ಜನವರಿ 31, ಶುಕ್ರವಾರ

ನನ್ನ ಫೋಟೊ ಫೋನಿಂದ ಫೋನಿಗೆ ಓಡಾಡುತ್ತಿದೆಯಂತೆ. ನೋಡಲೆಂದೇ ಇಬ್ಬರು ಬೈಕಿನಲ್ಲಿ ಬಂದಿದ್ದರು. ಇಬ್ಬರೂ ಬೋರ್ಡಿನ ಆಚೆ ಈಚೆ ನಿಂತು ಫೋಟೊ ತೆಗೆಸಿಕೊಂಡರು, ನಡುವೆ ನಾನು.

ಏಟಯ್ಯ ಎಸ್.ಐ.ಗೆ ವರದಿ ಕಳಿಸಿದ್ದಾನೆ. ಕನ್ನಡದ ಬೋರ್ಡು ಬಂದಮೇಲೆ ಕರ್ನಾಟಕದ ಗಾಡಿಗಳೆಲ್ಲ ತಾವಾಗಿಯೇ ನಿಧಾನ ಮಾಡುತ್ತವೆ, ಚಾಲಕರು ನಗುಮುಖದಿಂದ ಸಹಕರಿಸುತ್ತಾರೆ ಅಂತ. ಇಂಥವೇ ಇನ್ನೂ ನಾಲ್ಕು ಬೋರ್ಡು ಮಾಡಿಸುವ ಯೋಚನೆಯಂತೆ. ನನ್ನ ಸೇವೆಯನ್ನೂ ಹೊಗಳಿ ಒಂದು ಸಾಲು ಬರೆದಿದ್ದಾನೆ. ಬೋರ್ಡು ಸ್ವಲ್ಪವೂ ವಾಲದ ಹಾಗೆ ಹಿಡಿಯುತ್ತೇನಂತೆ.

ಮನೆಯಲ್ಲಿ ಏನೂ ಹೇಳಿಲ್ಲ. ಲೋಕೇಶ್ವರಿಯ ಫೋನಿಗೆ ಇವೆಲ್ಲ ಬರುವುದಿಲ್ಲ.

ಫೆಬ್ರವರಿ 1, ಶನಿವಾರ

ಲೋಕೇಶ್ವರಿಯ ತಂಗಿ ರೇವತಿ ಚಾಮರಾಜನಗರದಲ್ಲಿದ್ದಾಳೆ. ಅವಳಿಗೆ ಮೈ ಸರಿಯಿಲ್ಲ, ಎರಡು ದಿನ ಹೋಗಿ ಬರುತ್ತೇನೆ ಎಂದು ಬೆಳಿಗ್ಗೆ ಹೇಳಿದಳು. ಸರಿ ಎಂದೆ. ಚಾಮರಾಜನಗರದ ಬಸ್ಸು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಯೋಚಿಸಲಿಲ್ಲ.

ಹನ್ನೊಂದೂವರೆಗೆ ಬಸ್ಸು ಬಂದು ಗೇಟಿನಲ್ಲಿ ನಿಂತಿತು. ಒಳಗಿದ್ದವರು ಕಿಟಕಿಗೆ ಮುಗಿಬಿದ್ದು ನಗತೊಡಗಿದರು. ಮೂರನೆಯ ಕಿಟಕಿಯಲ್ಲಿ ಅವಳು. ನನ್ನ ಮುಖ ನೋಡಿದಳು, ಆಮೇಲೆ ತಲೆಯ ಮೇಲಿದ್ದ ಬೋರ್ಡು ನೋಡಿದಳು. ಅವಳ ತುಟಿ ಆಡಿದ್ದು ಕಾಣಿಸಿತು. ಎರಡು ಸಲ ಓದಿದಳು. ಬೋರ್ಡು ಇಳಿಸೋಣ ಎಂದರೆ ಕೈ ಬರಲಿಲ್ಲ. ಬಸ್ಸು ಹೋಯಿತು.

ಸಂಜೆ ಬ್ರಾಂದಿ ಅಂಗಡಿಗೆ ಹೋದೆ. ಸಾಲು ಉದ್ದ ಇತ್ತು. ವಾಪಸು ಬಂದೆ.

ಫೆಬ್ರವರಿ 2, ಭಾನುವಾರ

ಭಾನುವಾರ ಬೋರ್ಡಿಗೆ ರಜೆ. ಲೋಕೇಶ್ವರಿ ಫೋನು ಎತ್ತಲಿಲ್ಲ, ರೇವತಿಯ ಫೋನಿಗೆ ಮಾಡಿದೆ. ಅವಳು ಅಕ್ಕನಿಗೆ ಕೊಟ್ಟಳು. ಬೋರ್ಡು ಏಟಯ್ಯ ಬರೆಸಿದ್ದು, ನಾನು ಬರೆದದ್ದಲ್ಲ ಎಂದೆ.

"ಬರದಿರಾದು ಸುಳ್ಳಾ?" ಎಂದಳು.

"ತಪ್ಪಾಗಿ ಬರ್ದವ್ರ ಕಣ. ಮಾಡಲ್ಲ ಅಂತ ಇರ್ಬೇಕಿತ್ತು."

"ತಪ್ಪು ಅಂತ ನಿಮ್ಗ ಗೊತ್ತಿತ್ತಲ್ಲ. ಯಾಕ ಯೋಳ್ನಿಲ್ಲ?"

ಏಟಯ್ಯನ ತಪ್ಪು ನಾನ್ಯಾಕೆ ತಿದ್ದಲಿ ಎಂದೆ. "ಅಸ ಕರ್ಕಳಿ. ನಾ ಬರಾದು ಯಾವತ್ತು ಅಂತ ಗೊತ್ತಿಲ್ಲ," ಎಂದು ಇಟ್ಟುಬಿಟ್ಟಳು.

ಅವಳು ಬರದಿದ್ದರೆ ಎಂದು ಮೊದಲ ಸಲ ಹೆದರಿಕೆಯಾಯಿತು. ಹಸು ಕರೆಯಲು ಹೋದರೆ ಅದು ನನ್ನನ್ನು ಹತ್ತಿರ ಸೇರಿಸಲಿಲ್ಲ. ಅದಕ್ಕೆ ಅವಳ ಕೈಯೇ ರೂಢಿ. ಕೊನೆಗೆ ಅವಳ ಹಳೆಯ ಸೀರೆ ಹೊದ್ದುಕೊಂಡು ಹೋಗಿ ಕರೆದೆ. ಇದನ್ನು ಕೇಸಿಗೆ ಬರೆಯುತ್ತಿಲ್ಲ.

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ ಹೋದವನೇ ಏಟಯ್ಯನಿಗೆ ಹೇಳಿದೆ, ಬೋರ್ಡಿನಲ್ಲಿರುವುದು ತಿರುಗುಮುರುಗು, ಕುಡಿದು ಓಡಿಸುತ್ತೇನೆ ಎಂದಿದೆ ಅಂತ. ಅವನ ಮುಖ ಸಣ್ಣದಾಯಿತು. ಎಂಟು ತಿಂಗಳು ಕಲಿತ ಕನ್ನಡವನ್ನು ಒಬ್ಬ ಕುಡುಕ ಆರೋಪಿ ತಪ್ಪು ಎನ್ನುತ್ತಿದ್ದಾನೆ. ಸಾಕ್ಷಿಗೆ ಚಿಕ್ಕಮಾದನನ್ನು ಕರೆದ.

ಚಿಕ್ಕಮಾದ ಬೋರ್ಡು ನೋಡಿದ, ಏಟಯ್ಯನನ್ನು ನೋಡಿದ. "ನಂಗ ಓದಕ್ಕ ಬರಾಕಿಲ್ಲ ಅಯ್ಯ," ಎಂದ. ಐದು ದಿನ ಅದನ್ನು ಓದಿ ಓದಿ ಹೊಟ್ಟೆ ಹಿಡಿದುಕೊಂಡವನು.

ತಪ್ಪಿದ್ದರೂ ತಿದ್ದಲು ಆಗುವುದಿಲ್ಲ ಎಂದು ಏಟಯ್ಯ ತೀರ್ಮಾನ ಕೊಟ್ಟ. ಬೋರ್ಡಿಗೆ ನಂಬರು ಬಿದ್ದಿದೆ, ರಿಜಿಸ್ಟರಿಗೆ ಏರಿದೆ. ಎಸ್.ಐ. ಟ್ರೈನಿಂಗಿಗೆ ಹೋಗಿದ್ದಾರೆ, ಬರುವ ಹೊತ್ತಿಗೆ ನನ್ನ ಹದಿನೈದು ದಿನ ಮುಗಿದಿರುತ್ತದೆ. ಅಲ್ಲಿಯವರೆಗೆ ಇದ್ದ ಬೋರ್ಡು ಇದ್ದ ಹಾಗೆ ಹಿಡಿಯಬೇಕು. ಯಾರಾದರೂ ಅದಕ್ಕೆ ಕೈ ಹಚ್ಚಿದರೆ ಸರ್ಕಾರಿ ಸೊತ್ತು ಹಾಳು ಮಾಡಿದ ಕೇಸು, ನೆನಪಿರಲಿ ಎಂದ.

ಇವತ್ತೂ ಹಾರ್ನ್ ಹೊಡೆದರು. ಒಂದೊಂದು ಹಾರ್ನ್‌ಗೂ ಮೂರನೆಯ ಕಿಟಕಿ ನೆನಪಾಗುತ್ತದೆ. ಅಂಗಡಿ ಕಡೆ ಹೋಗಲು ಪುರುಸೊತ್ತಾಗಲಿಲ್ಲ, ಹಸುವಿಗೆ ಹೊತ್ತಾಗುತ್ತಿತ್ತು.

ಫೆಬ್ರವರಿ 4, ಮಂಗಳವಾರ

ಕೈ ನಡುಗುತ್ತಿದೆ. ಚಳಿ ಜಾಸ್ತಿ ಈ ವರ್ಷ. ಮೈಯೆಲ್ಲ ಬೆವರೂ ಬರುತ್ತದೆ. ಇದು ಎಂಥ ಚಳಿಯೋ.

ಇನ್ನೊಂದು ಕೇಸಾದರೆ ಮೂರನೆಯ ಸಲ ಠಾಣೆಯ ಮೆಟ್ಟಿಲು. ರುಜುನೂ ಇಲ್ಲ, ನಾನೂ ಇಲ್ಲ ಎಂದಿದ್ದಾಳೆ. ಸುಮ್ಮನೆ ಇನ್ನು ಏಳು ದಿನ ನಿಂತರೆ ಮುಗಿಯಿತು. ಪ್ರಭುಸ್ವಾಮಿಯೂ ಫೋನಿನಲ್ಲಿ ಅದನ್ನೇ ಹೇಳಿದ. ಅವನು ಹೇಳುವುದು ಸರಿಯಾಗಿಯೇ ಇದೆ.

ಫೆಬ್ರವರಿ 6, ಗುರುವಾರ

ನಿನ್ನೆ ನಡೆದದ್ದನ್ನು ಬರೆಯುತ್ತೇನೆ. ಬೆಳಗಾಗಿದೆ, ಹಾಲು ಕರೆದಾಗಿದೆ.

ನಿನ್ನೆ ಮಧ್ಯಾಹ್ನ ಏಟಯ್ಯ ಊಟಕ್ಕೆ ಹೋದ. ಕೋಸಿನ ಮೂಟೆಗೆ ಗುರುತು ಹಾಕುವ ಕೆಂಪು ಬಣ್ಣವನ್ನೂ ಬ್ರಷ್ಷನ್ನೂ ಮನೆಯಿಂದಲೇ ತಂದಿದ್ದೆ. ಯಾಕೆ ತಂದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಬೋರ್ಡು ಮಲಗಿಸಿ, ಕಲ್ಲಿನಿಂದ ಕೊನೆಯ ಎರಡಕ್ಷರ ಕೆರೆದೆ. ಕೈ ನಿಲ್ಲುತ್ತಿರಲಿಲ್ಲ. ಎಡಗೈಯಿಂದ ಬಲಗೈ ಹಿಡಿದುಕೊಂಡು ಡಲ್ಲ ಎಂದು ಬರೆದೆ. ಮಾಡಲ್ಲ. ವಕ್ರವಾಗಿ, ಬಣ್ಣ ಇಳಿದು, ಒಂದನೆಯ ಕ್ಲಾಸಿನವರು ಬರೆದ ಹಾಗಾಯಿತು. ಪ್ರಬಂಧದ ಬಹುಮಾನ ಕೊಟ್ಟವರು ನೋಡಿದ್ದರೆ ವಾಪಸು ಕೇಳುತ್ತಿದ್ದರು.

"ಅಣ್ಣ, ಬ್ಯಾಡ ಕಣಣ್ಣ, ಇನ್ನ ಆರ್ ದಿನ ಅದ," ಎಂದು ಚಿಕ್ಕಮಾದ ಬೇಡಿಕೊಂಡ. ಆಮೇಲೆ ತಾನೇ ಬಣ್ಣದ ಡಬ್ಬಿ ಹಿಡಿದುಕೊಂಡ.

ಏಟಯ್ಯ ಬಂದು ನೋಡಿ ಟವೆಲ್ ಬಿಚ್ಚಿದ. ಅಷ್ಟು ದಿನದಲ್ಲಿ ಅವನ ಕಿವಿ ನೋಡಿದ್ದು ಅದೇ ಮೊದಲು. ನೇರವಾಗಿ ಠಾಣೆಗೆ. ಕುಡಿದೇ ಮಾಡಿರಬೇಕು ಎಂದು ಮೆಷಿನ್ ತಂದು ಊದಿಸಿದರು. ಸೊನ್ನೆ ಬಂತು. ಇನ್ನೊಂದು ಸಲ ಊದಿಸಿದರು, ಸೊನ್ನೆ. ಮೆಷಿನ್ ಕೆಟ್ಟಿದೆ ಎಂದು ಠಾಣೆಯಲ್ಲಿ ಕಾಗದ ಬರೆಯುವ ರೈಟರ್ ತಾನೇ ಊದಿ ನೋಡಿದ, ಅವನಿಗೆ ಹನ್ನೊಂದು ಬಂತು. ಕೆಮ್ಮಿನ ಔಷಧಿ ಎಂದ. ಕುಡಿಯದವನು ಇಂಥ ಕೆಲಸ ಯಾಕೆ ಮಾಡಿದ ಎಂದು ಇಬ್ಬರೂ ಯೋಚನೆ ಮಾಡುತ್ತಾ ಕೂತರು. ಕೊನೆಗೆ ಸೊನ್ನೆ ಬಂದ ಚೀಟಿಗಳನ್ನು ಕೇಸಿನ ಕಾಗದಕ್ಕೆ ಪಿನ್ ಮಾಡಿದರು. ನನಗೆ ತಲೆ ನೋಯುತ್ತಿತ್ತು, ಚಹಾ ಕೇಳಿದೆ.

ಈ ನಡುವೆ ಏಟಯ್ಯ ಶಾಲೆಯ ಕನ್ನಡ ಮೇಷ್ಟರಿಗೆ ಫೋನು ಮಾಡಿ ಬೋರ್ಡಿನ ಮಾತು ಓದಿ ಹೇಳಿದ. ಆ ಕಡೆಯಿಂದ ನಗು ಬಹಳ ಹೊತ್ತು ಕೇಳಿಸಿತು. ಫೋನು ಇಟ್ಟು ಬಂದು ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತ. ನೀನು ಹೇಳಿದ್ದೇ ಸರಿ, ಆದರೆ ಎಫ್.ಐ.ಆರ್. ನಂಬರು ಬಿದ್ದಾಗಿದೆ, ಈಗ ಅಳಿಸಲು ಬರುವುದಿಲ್ಲ ಎಂದು ತಮಿಳಿನಲ್ಲಿ ಮೆತ್ತಗೆ ಹೇಳಿದ. ಅವನ ಮೇಲೆ ಕೋಪ ಬರಲಿಲ್ಲ. ಜಾಮೀನಿಗೆ ಯಾರನ್ನು ಕರೆಯಲಿ ಎಂದು ಕೇಳಿದ. ಯಾರೂ ಇಲ್ಲ ಎಂದೆ. ಅವನು ಹಳೆಯ ಕಾಗದ ತೆಗೆದು, ಎರಡು ಸಲವೂ ರುಜು ಹಾಕಿದವಳ ನಂಬರು ನೋಡಿ ತಾನೇ ಫೋನು ಮಾಡಿದ.

ನಾಲ್ಕೂವರೆ ಬಸ್ಸಿಗೆ ಅವಳು ಬಂದಳು. ಬರುತ್ತಾಳೆ ಎಂದುಕೊಂಡಿರಲಿಲ್ಲ. ಬಂದವಳು ನನ್ನ ಕಡೆ ನೋಡದೆ ಮೇಜಿನ ಮುಂದೆ ನಿಂತಳು, ಕೈಯಲ್ಲಿ ಚೀಲ. ರೈಟರ್ ರಿಜಿಸ್ಟರು ತಿರುಗಿಸಿ ಇಟ್ಟ. ಇವರಿಗೆ ಜಾಮೀನು ನಿಲ್ಲುತ್ತೀರಾ ಎಂದು ಏಟಯ್ಯ ತಮಿಳಿನಲ್ಲಿ ಕೇಳಿದ.

ಬಸ್ಸಿನ ಧೂಳಿಗೆ ಅವಳ ಗಂಟಲು ಕಟ್ಟಿತ್ತು. "ಮಾಟ್ತೀನ್," ಎಂದಳು.

ರೈಟರ್ ರಿಜಿಸ್ಟರು ಮುಚ್ಚಲು ಹೋದ. ಏಟಯ್ಯ ಅವನ ಕೈ ತಡೆದ. ಒಲ್ಲೆ ಎಂದಳೋ, ಸರಿ ಎಂದಳೋ ನನಗೂ ಗೊತ್ತಾಗಲಿಲ್ಲ. ರುಜುನೂ ಇಲ್ಲ ಎಂದಿದ್ದವಳು. ಅದನ್ನೇ ಎದುರಿಗೆ ನಿಂತು ಹೇಳಿಹೋಗಲು ಬಂದಿರಬಹುದು. ಅವಳ ಮಾತಿಗೆ ಅರ್ಥ ಹೇಳಲು ನನ್ನ ಬಾಯಿ ತೆರೆಯಲಿಲ್ಲ.

ಅವಳು ನನ್ನ ಕಡೆ ತಿರುಗಿದಳು. ಅಂಗಿಯ ತೋಳಿಗೆ ಹತ್ತಿದ್ದ ಕೆಂಪು ಬಣ್ಣ ನೋಡಿದಳು.

"ಏನ ಬರುದ್ರಿ?"

"ಮಾಡಲ್ಲ ಅಂತ."

"ಯಾರು ಯೋಳ್ಕೊಟ್ರು?"

"ಯಾರೂ ಇಲ್ಲ."

"ಕೇಸ್ ಆಯ್ತದ ಅಂತ ಗೊತ್ತಿರ್ನಿಲ್ವಾ?"

"ಗೊತ್ತಿತ್ತು."

ಏಟಯ್ಯ ಟವೆಲ್ ಕೈಯಲ್ಲಿ ಹಿಡಿದುಕೊಂಡು ಬಹಳ ಮರ್ಯಾದೆಯಿಂದ ಅವಳನ್ನು ಕೇಳಿದ, "ಅಮ್ಮಾ, ಈಗ ನೀವು ಹೇಳಿದ್ದು ತಮಿಳಾ, ಕನ್ನಡಾನಾ?"

ಲೋಕೇಶ್ವರಿ ಚೀಲ ಕೆಳಗಿಟ್ಟಳು.

"ಕನ್ನಡ," ಎಂದು ಹೇಳಿ ಪೆನ್ನಿಗೆ ಕೈ ನೀಡಿದಳು.